ವಲ್ಸಲಳ ಮೂರನೆಯ ಪೆಟ್ಟಿಗೆ

ನನ್ನ ಬಾಯಿ ಕೆಟ್ಟದ್ದು ಎಂದು ನಮ್ಮ ಪ್ರಯೋಗಾಲಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಪಾಸಣೆಯವನ ಬಾಯಿ ಇನ್ನು ಹೇಗಿರಬೇಕು? ತಿರುವನಂತಪುರದ ಹೊರಗೆ, ಕಳಕ್ಕೂಟ್ಟಂ ಕಡೆಯ ಈ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುವುದೇ ನನ್ನ ಕಸುಬು. ದಿವಾಕರ ಪಣಿಕ್ಕರ್ ಮುದ್ರೆ ಒತ್ತದೆ ಒಂದು ತಂತಿಯೂ ಇಲ್ಲಿಂದ ಆಚೆ ಹೋದದ್ದಿಲ್ಲ. ಬರುವ ಓಣಂ ಹೊತ್ತಿಗೆ ನನಗೆ ನಿವೃತ್ತಿ. ಹೋಗುವುದರೊಳಗೆ ಒಬ್ಬಳ ಬಗ್ಗೆ ಬರೆದಿಡಬೇಕು ಅನ್ನಿಸಿದೆ. ಅವಳ ಇಡೀ ಬದುಕನ್ನಲ್ಲ, ಒಂದು ದಿನದ ಕೆಲಸವನ್ನು ಮಾತ್ರ.

ವಲ್ಸಲ ನೆಡುಮಂಗಾಡಿನವಳು. ಅಪ್ಪ ರಬ್ಬರ್ ತೋಟದಲ್ಲಿ ಹಾಲು ಇಳಿಸುತ್ತಿದ್ದವರು. ಮಗಳು ಸರಕಾರಿ ಕಾಲೇಜಿನಲ್ಲಿ ಓದಿ ಇಂಜಿನಿಯರ್ ಆಗಿ, ಉಪಗ್ರಹಗಳ ವಿದ್ಯುತ್ ಸಾಧನಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಸಂಶೋಧನೆ ಅಂದ ಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ದಿನದ ಮುಕ್ಕಾಲು ಪಾಲು ಅವಳು ಬೆನ್ನು ಬಗ್ಗಿಸಿ ಬೆಸುಗೆ ಬಿಡಿಸುತ್ತಿರುತ್ತಾಳೆ, ಇಲ್ಲವೇ ನಿನ್ನೆ ಸರಿಯಿದ್ದದ್ದು ಇವತ್ತು ಯಾಕೆ ಕೈಕೊಟ್ಟಿತು ಎಂದು ಗೋಡೆ ನೋಡುತ್ತಾ ಕೂತಿರುತ್ತಾಳೆ. ವಯಸ್ಸು ನಲವತ್ತೆಂಟು. ಹೆಚ್ಚು ವೋಲ್ಟಿನ ಸಾಧನದ ಹತ್ತಿರ ಹೋಗುವಾಗ ಎಡಗೈಯನ್ನು ಬೆನ್ನ ಹಿಂದೆ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಎರಡೂ ಕೈ ತಾಗಿದರೆ ವಿದ್ಯುತ್ತು ಎದೆಯ ಮೂಲಕ ಹಾಯುತ್ತದೆ ಎನ್ನುವುದು ಆ ಕೆಲಸದವರ ಕಟ್ಟುನಿಟ್ಟು. ಅವಳಿಗೆ ಅದು ಎಷ್ಟು ರೂಢಿಯಾಗಿದೆಯೆಂದರೆ ಕ್ಯಾಂಟೀನಿನಲ್ಲಿ ಪರಿಪ್ಪುವಡೆ ಎತ್ತಿಕೊಳ್ಳುವಾಗಲೂ ಎಡಗೈ ಹಿಂದೆಯೇ ಇರುತ್ತದೆ.

ಆರು ವರ್ಷದಿಂದ ಅವಳು ಮಾಡುತ್ತಿರುವುದು ಒಂದೇ ಪೆಟ್ಟಿಗೆ. ಊಟದ ಡಬ್ಬಿಯಷ್ಟು ದೊಡ್ಡದು. ಉಪಗ್ರಹದ ಬ್ಯಾಟರಿಯ ಸಾಧು ವಿದ್ಯುತ್ತನ್ನು ತೆಗೆದುಕೊಂಡು ಸಾವಿರದ ಎಂಟುನೂರು ವೋಲ್ಟಿಗೆ ಏರಿಸಿ, ಉಪಗ್ರಹವನ್ನು ಮೆಲ್ಲಗೆ ತಳ್ಳುವ ಪುಟ್ಟ ಇಂಜಿನಿಗೆ ಕೊಡುವುದು ಅದರ ಕೆಲಸ. ನೆಲದ ಮೇಲೆ ದಟ್ಟ ಗಾಳಿ ಇರುವುದರಿಂದ ಕಿಡಿ ಹಾರುವುದಿಲ್ಲ. ಮೇಲೆ ಗಾಳಿಯೇ ಇಲ್ಲದಿರುವುದರಿಂದಲೂ ಹಾರುವುದಿಲ್ಲ. ತಾಪತ್ರಯವೆಲ್ಲ ನಡುವಿನ ತೆಳುಗಾಳಿಯದ್ದು, ಅಲ್ಲಿ ಒಂದು ಕೂದಲಷ್ಟು ಸಂದು ಸಿಕ್ಕಿದರೂ ಕಿಡಿ ನೆಗೆಯುತ್ತದೆ. ಅದಕ್ಕೇ ಒಳಗಿನ ತಂತಿಗಳ ಮೇಲೆಲ್ಲ ಸಿಲಿಕೋನ್ ಎಂಬ ಗೋಂದಿನಂಥ ದ್ರವ ಸುರಿದು ಗಟ್ಟಿ ಮಾಡುತ್ತಾರೆ, ಸಂದೇ ಇರಬಾರದು.

ಒಂದೇ ವಾರ ಮೂರು ಪೆಟ್ಟಿಗೆ ಹೀಗೆ ತುಂಬಿಸಿ ಇಟ್ಟಿದ್ದರು. ಮೊದಲನೆಯದನ್ನು, ಒಳಗಿನ ಗಾಳಿಯನ್ನು ಹೊರಗೆಳೆಯುವ ಗಾಜಿನ ಕೋಠಿಯಲ್ಲಿಟ್ಟಾಗ ಕಿಡಿ ಹಾರಿತು. ಎರಡನೆಯದರಲ್ಲೂ ಹಾರಿತು, ಅದೇ ಮೂಲೆಯಲ್ಲಿ. ಆ ಗುರುವಾರ ಮಧ್ಯಾಹ್ನ ಮೂರಕ್ಕೆ ಯೋಜನೆಗೆ ಒಪ್ಪಿಗೆ ಕೊಡುವ ಡಾಕ್ಟರ್ ಈಪ್ಪನ್ ಅವರ ಸಮಿತಿ ಮೂರನೆಯದನ್ನು ನೋಡಲು ಬರುವುದಿತ್ತು. ಅದೂ ಕೈಕೊಟ್ಟರೆ ಪೆಟ್ಟಿಗೆಯನ್ನು ಹೊರದೇಶದಿಂದ ತರಿಸುವುದು, ವಲ್ಸಲಳ ಆರು ವರ್ಷದ ಕೆಲಸಕ್ಕೆ ಬಾಗಿಲು ಹಾಕುವುದು ಎಂದು ತೀರ್ಮಾನವಾಗಿತ್ತು. ಇದು ನಮ್ಮ ಕಾವಲುಗಾರನಿಗೂ ಗೊತ್ತಿತ್ತು.

ನಾನು ಏಳೂವರೆಗೆ ಒಳಗೆ ಬಂದಾಗ ಅವಳು ಮೂರನೆಯ ಪೆಟ್ಟಿಗೆಯನ್ನು ಮುಟ್ಟಿಯೇ ಇರಲಿಲ್ಲ. ಎರಡನೆಯದನ್ನು ಬಿಚ್ಚಿ, ತೆಳು ಅಲಗಿನಿಂದ ಸಿಲಿಕೋನ್ ಕೊಯ್ಯುತ್ತಾ ಕೂತಿದ್ದಳು. ನನಗೆ ಉರಿದುಹೋಯಿತು.

"ಅದನ್ನ ಬಿಚ್ಚೋಕೆ ನನ್ನ ಮುದ್ರೆ ಬೇಡ್ವಾ? ಇಲ್ಲೇನು ನಿನ್ನ ಅಡುಗೆಮನೇನಾ?"

"ಒತ್ತಿಬಿಡಿ ಪಣಿಕ್ಕರ್ ಸಾರೇ. ಅಲ್ಲಿ ನಿಮ್ಮ ಚಹಾ ಇದೆ, ಆರೋಗುತ್ತೆ," ಎಂದಳು ತಲೆ ಎತ್ತದೆ.

"ಸತ್ತ ಪೆಟ್ಟಿಗೆ ಕೊಯ್ದು ಏನು ಸಿಗುತ್ತೆ? ಬದುಕಿರೋದರ ಕಡೆ ನೋಡಬಾರದಾ?"

"ಬದುಕಿರೋದಕ್ಕೂ ಇದೇ ಕಾಯಿಲೆ ಇದ್ರೆ? ಮೂರು ಗಂಟೆಗೆ ಎಲ್ಲರ ಮುಂದೆ ಗೊತ್ತಾಗೋದಕ್ಕಿಂತ ಈಗಲೇ ಗೊತ್ತಾಗಲಿ."

ಅವಳ ಪಕ್ಕ ಶಾನವಾಸ್ ದೀಪ ಹಿಡಿದು ನಿಂತಿದ್ದ. ಬೆಸುಗೆ ಹಾಕುವುದು, ಸಿಲಿಕೋನ್ ತುಂಬಿಸುವುದು ಎಲ್ಲ ಅವನೇ. ಮೂವತ್ತಾರರ ಗಂಡಸು, ಎರಡು ಮಕ್ಕಳ ತಂದೆ, ವರ್ಷ ವರ್ಷಕ್ಕೆ ಗುತ್ತಿಗೆ ಮುಂದುವರಿಸುವ ನೌಕರಿ. ಮೊದಲ ಕಿಡಿ ಹಾರಿದ ದಿನದಿಂದ ನಾನು ಅವನ ಬೆನ್ನು ಬಿದ್ದಿದ್ದೆ. ಪೊರೋಟ ತಿಂದ ಕೈಯಲ್ಲಿ ಕೆಲಸ ಮಾಡುತ್ತೀಯ, ನಿನ್ನ ಕೈಗುಣವೇ ಇಷ್ಟು ಎಂದು ಎರಡು ತಿಂಗಳಲ್ಲಿ ನಾನು ಆಡದ ಮಾತಿಲ್ಲ. ಅವನು ನಗುನಗುತ್ತಾ ಕೇಳಿಸಿಕೊಳ್ಳುತ್ತಿದ್ದ, ಈಚೆಗೆ ನಗುವುದನ್ನೂ ಬಿಟ್ಟಿದ್ದ.

ಎಂಟೂವರೆಗೆ ವಲ್ಸಲ "ಆಹಾ" ಎಂದಳು. ಮೂಲೆಯ ಸಿಲಿಕೋನ್ ತುಂಡು ಬೇಯಿಸಿದ ಮೊಟ್ಟೆಯ ಸಿಪ್ಪೆಯ ಹಾಗೆ ಸಲೀಸಾಗಿ ಎದ್ದು ಬಂದಿತ್ತು. ಅದು ಹಾಗೆ ಬರಬಾರದು, ಕಿತ್ತರೂ ಬಾರದಷ್ಟು ಅಂಟಿಕೊಂಡಿರಬೇಕು. ಅವಳು ಅದನ್ನು ಮಗುಚಿ ಭೂತಗನ್ನಡಿಯ ಕೆಳಗಿಟ್ಟಳು. ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ಜರುಗಿಸಿದಳು.

ಸಿಲಿಕೋನಿಗೆ ಒಂದು ಗುಣವಿದೆ. ಕೆಳಗೆ ಏನಿರುತ್ತದೋ ಅದರ ಅಚ್ಚು ಹಾಗೆಯೇ ಮೂಡಿಸಿಕೊಳ್ಳುತ್ತದೆ. ಆ ತುಂಡಿನ ತಳದಲ್ಲಿ ಒಂದು ಬೆರಳಚ್ಚು ಇತ್ತು, ಸುಳಿ ಸುಳಿಯಾಗಿ, ಸ್ಪಷ್ಟವಾಗಿ. ಯಾರೋ ಸಿಲಿಕೋನ್ ತುಂಬಿಸುವ ಮೊದಲು ಆ ಮೂಲೆಯನ್ನು ಜಿಡ್ಡುಗೈಯಲ್ಲಿ ಮುಟ್ಟಿದ್ದರು. ಜಿಡ್ಡಿದ್ದಲ್ಲಿ ಸಿಲಿಕೋನ್ ಅಂಟುವುದಿಲ್ಲ, ಸಂದು ಉಳಿಯುತ್ತದೆ.

"ನಾನು ಗ್ಲೌಸ್ ಹಾಕಿದ್ದೆ! ಚೇಚೀ, ನನ್ನ ಮಕ್ಕಳಾಣೆ, ಹಾಕಿದ್ದೆ!" ಶಾನವಾಸ್ ಕೂಗಿಕೊಂಡ. ವಲ್ಸಲಳನ್ನು ಅವನು ಅಕ್ಕನೆಂದು ಚೇಚಿ ಎನ್ನುತ್ತಾನೆ.

"ನೀನು ಅಂತ ಯಾರು ಹೇಳಿದ್ರು? ದೀಪ ಅಲ್ಲಾಡಿಸಬೇಡ," ಎಂದಳು ವಲ್ಸಲ.

"ಅಚ್ಚಿನ ನಡುವೆ ಆ ಅಡ್ಡಗೀಟು ಏನು ಚೇಚೀ?"

"ಅಲಗು ತಾಗಿರಬೇಕು."

ಅಲಗು ತಾಗಿದ್ದಲ್ಲ. ನನ್ನ ಬಲಗೈ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಗಾಯದ ಗುರುತಿದೆ, ಚಿಕ್ಕಂದಿನಲ್ಲಿ ತೆಂಗಿನ ತುರಿಮಣೆ ಸೀಳಿದ್ದು.

ಏನು ನಡೆದಿತ್ತೆಂದು ಹೇಳಿಬಿಡುತ್ತೇನೆ. ಸಿಲಿಕೋನ್ ತುಂಬಿಸುವ ಮೊದಲು ಬೆಸುಗೆಯಲ್ಲಿ ಕಿಡಿಗೆ ದಾರಿಯಾಗುವ ಚೂಪು ಮೊನೆ ಉಳಿದಿದೆಯೇ ಎಂದು ನಾನು ನೋಡಬೇಕು. ಗ್ಲೌಸ್ ಹಾಕಿಕೊಂಡು ಭೂತಗನ್ನಡಿಯಲ್ಲಿ ನೋಡಬೇಕೆಂಬುದು ನಿಯಮ. ಆ ನಿಯಮ ಬರೆದವನೇ ನಾನು. ಆದರೆ ಕನ್ನಡಿಗೆ ಕಾಣದ ಮೊನೆ ನನ್ನ ಹೆಬ್ಬೆರಳಿಗೆ ಸಿಗುತ್ತದೆಂಬ ಜಂಬ ನನಗೆ. ಯಾರೂ ಇಲ್ಲದಾಗ ಗ್ಲೌಸ್ ತೆಗೆದು ಮೆಲ್ಲಗೆ ಸವರಿ ನೋಡುತ್ತಿದ್ದೆ. ಇನ್ನು ನಮ್ಮ ಮನೆಯ ಎಣ್ಣೆ. ನನ್ನ ಹೆಂಡತಿ ವಿಲಾಸಿನಿ ದಾಸವಾಳದ ಎಲೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಬೆಳಗ್ಗೆ ಬೊಗಸೆ ತುಂಬ ತಲೆಗೆ ತಟ್ಟದೆ ನಾನು ಸ್ನಾನಕ್ಕೆ ಹೋದವನಲ್ಲ, ನಮ್ಮೂರಲ್ಲಿ ಯಾವ ಗಂಡಸೂ ಹೋಗುವುದಿಲ್ಲ. ಯೋಚನೆ ಮಾಡುವಾಗ, ಸ್ನಾನವಾದರೂ ಜಿಡ್ಡು ಬಿಡದ ಆ ತಲೆ ನೇವರಿಸಿಕೊಳ್ಳುವುದು ನನ್ನ ಚಾಳಿ. ನೇವರಿಸಿಕೊಂಡ ಕೈಯನ್ನೇ ಮೊದಲ ಮೂಲೆಯ ಮೇಲೆ ಇಟ್ಟಿದ್ದೇನೆ. ಮುಂದಿನ ಮೂಲೆಗಳಿಗೆ ಹೋಗುವಷ್ಟರಲ್ಲಿ ಬೆರಳು ಒಣಗಿರುತ್ತಿತ್ತು. ಸಣ್ಣ ವೋಲ್ಟಿನ ಪೆಟ್ಟಿಗೆಗಳಲ್ಲಿ ಇಷ್ಟು ವರ್ಷ ಇದು ನಡೆದುಹೋಗಿತ್ತು. ಸಾವಿರದ ಎಂಟುನೂರು ವೋಲ್ಟು ಬಿಡಬೇಕಲ್ಲ!

ಎಲ್ಲರ ಮೇಲೆ ಹರಿಹಾಯುವ ನಾನು ಬಾಯಿ ಬಿಡಲಿಲ್ಲ.

ವಲ್ಸಲ ಆಗಲೇ ಗಡಿಯಾರ ನೋಡುತ್ತಿದ್ದಳು. "ಮೂರನೇದರಲ್ಲೂ ಇದೇ ಇರುತ್ತೆ. ಆ ಮೂಲೆ ಮಾತ್ರ ಕಿತ್ತು, ತೊಳೆದು, ಹೊಸದಾಗಿ ತುಂಬಿಸೋಣ. ಓವನ್‌ನಲ್ಲಿಟ್ಟರೆ ಒಂದೂವರೆ ಗಂಟೇಲಿ ಗಟ್ಟಿಯಾಗುತ್ತೆ. ಆಗುತ್ತೆ, ಈಗಲೇ ಶುರು ಮಾಡಿದ್ರೆ ಆಗುತ್ತೆ. ಸಾರೇ, ರಿಜಿಸ್ಟರ್ ತನ್ನಿ."

ತುಂಬಿಸಿ ಮುಗಿಸಿದ ಪೆಟ್ಟಿಗೆಯನ್ನು ಮತ್ತೆ ಬಿಚ್ಚಬೇಕಾದರೆ, ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ತಪಾಸಣೆಯವನು ಬರೆದು ಸಹಿ ಹಾಕಬೇಕು. ನಾನು ಬರೆದೆ. "ಮೂಲೆಯಲ್ಲಿ ಜಿಡ್ಡು. ಮೂಲ ತಿಳಿಯದು."

ಅವಳು ಓದಿದಳು. ಒಂದು ಕ್ಷಣ ಅವಳ ಪೆನ್ನು ಆ ಕೊನೆಯ ಎರಡು ಪದಗಳ ಮೇಲೆ ನಿಂತಿತು.

"ಈಪ್ಪನ್ ಸಾರ್ ಇದನ್ನ ಒಪ್ಪಲ್ಲ. ಎಲ್ಲಿಂದ ಬಂತು ಅಂತಲೇ ಗೊತ್ತಿಲ್ಲದ ಜಿಡ್ಡು ನಾಳೆ ಮತ್ತೆ ಬರಲ್ಲ ಅಂತ ಏನು ಗ್ಯಾರಂಟಿ ಅಂತಾರೆ."

"ಕಿಡಿ ಹಾರದೇ ಇದ್ರೂ?"

"ಹಾರದೇ ಇದ್ರೂ. ಅವರ ಜಾಗದಲ್ಲಿದ್ರೆ ನಾನೂ ಹಾಗೇ ಅಂತಿದ್ದೆ." ಪೆನ್ನು ಮುಚ್ಚಿದಳು. "ಇರಲಿ. ಮೂರು ಗಂಟೆ ತನಕ ಟೈಮ್ ಇದೆ. ಏನಾದ್ರೂ ಹೊಳೆದ್ರೆ ತಿದ್ದಿ."

ಆಮೇಲಿನ ಅವಳ ಕೆಲಸವನ್ನು ನೀವು ನೋಡಬೇಕಿತ್ತು. ಮೂರನೆಯ ಪೆಟ್ಟಿಗೆಯ ಮೂಲೆಯಿಂದ ಸಿಲಿಕೋನನ್ನು ಒಂದೊಂದೇ ಎಳೆಯಾಗಿ ಬಿಡಿಸಿದಳು. ಕೆಳಗೆ ಕೂದಲಿಗಿಂತ ಸಣ್ಣ ತಂತಿ, ಅಲಗು ಒಂದಿಷ್ಟು ಜಾರಿದರೆ ಎಲ್ಲ ಮುಗಿಯಿತು. ಮಾಡುವುದಕ್ಕೆ ಮೊದಲು ಮಾಡುವುದನ್ನು ಬಾಯಿಬಿಟ್ಟು ಹೇಳುವುದು ಅವಳ ಪದ್ಧತಿ. "ಈಗ ಎಡಗಡೆಯಿಂದ ಎತ್ತುತ್ತೀನಿ. ಈಗ ನಿಲ್ಲಿಸ್ತೀನಿ. ಈಗ ಉಸಿರು ಬಿಡ್ತೀನಿ." ಶಾನವಾಸ್ ಪ್ರತಿ ಸಲ "ಬಿಡಿ ಚೇಚೀ" ಅನ್ನುತ್ತಿದ್ದ. ಹತ್ತೂವರೆಗೆ ಎಳೆಗಳೆಲ್ಲ ಬಂದವು. ಮೂರು ಸಲ ತೊಳೆದಳು. ಅಂಟು ಹಿಡಿಸುವ ದ್ರವ ಬಳಿದು ಒಂದು ಗಂಟೆ ಒಣಗಿಸಿದಳು. ಶಾನವಾಸನ ಕೈಯಿಂದಲೇ ಸಿಲಿಕೋನ್ ಸುರಿಸಿದಳು, ತಾನು ಸುರಿಯಲಿಲ್ಲ. ಹನ್ನೆರಡಕ್ಕೆ ಪೆಟ್ಟಿಗೆ ಓವನ್ ಸೇರಿತು. ಅಷ್ಟು ಹೊತ್ತಿನಲ್ಲಿ ಒಬ್ಬರ ಮೇಲೂ ದನಿ ಏರಿಸಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಕಟ್ಟಡದ ಹೆಂಚು ಹಾರಿಹೋಗುತ್ತಿತ್ತು.

ಊಟಕ್ಕೆ ಮೂವರೂ ಒಟ್ಟಿಗೆ ಕೂತೆವು. ವಲ್ಸಲ ಬಾಳೆಲೆಯ ಪೊಟ್ಟಣ ಬಿಚ್ಚಿದಳು, ಕುಸುಬಲಕ್ಕಿ ಅನ್ನ, ಕೆಂಪು ಚಟ್ನಿ, ಹುರಿದ ಬೂತಾಯಿ ಮೀನು. ಎರಡು ಮೀನಿನಲ್ಲಿ ಒಂದನ್ನು ನನ್ನ ತಟ್ಟೆಗೆ ಹಾಕಿದಳು.

"ಯಾಕೆ ಸಾರೇ, ಇವತ್ತು ಉಪ್ಪು ಜಾಸ್ತಿ, ಖಾರ ಜಾಸ್ತಿ ಅಂತ ಒಂದೂ ದೂರಿಲ್ಲ?"

"ಹಸಿವಿಲ್ಲ."

ಶಾನವಾಸ್ ಅನ್ನ ಕಲಸುತ್ತಾ ಮೆಲ್ಲಗೆ ಹೇಳಿದ, "ಸಾರೇ, ಅವರು ನನ್ನನ್ನೇ ಕೇಳ್ತಾರೆ ಅಲ್ವಾ? ತುಂಬಿಸಿದ್ದು ನಾನು. ಗ್ಲೌಸ್ ಹಾಕಿದ್ದೆ ಅಂದ್ರೆ ಯಾರು ನಂಬ್ತಾರೆ? ನೀವೇ ಎರಡು ತಿಂಗಳಿಂದ ನಂಬಲಿಲ್ಲ."

ನಾನು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟೆ. ನಲ್ಲಿಯ ಹತ್ತಿರ ನಿಂತು ಕೈ ತೊಳೆದೆ, ತೊಳೆದೆ, ಸೋಪು ಹಾಕಿ ಮತ್ತೆ ತೊಳೆದೆ. ಥೂ ನಿನ್ನ ಜನ್ಮಕ್ಕೆ ಎಂದು ನನಗೆ ನಾನೇ ಬೈದುಕೊಂಡೆ. ಹಾಗೆ ಬೈದುಕೊಂಡವನು ಹೋಗಿ ರಿಜಿಸ್ಟರ್ ತಿದ್ದಿದೆನೇ? ಇಲ್ಲ. ಇಪ್ಪತ್ತೆರಡು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದೆ ಬಂದವನು, ನಿವೃತ್ತಿಗೆ ಇನ್ನು ಏಳು ತಿಂಗಳು. ಜಿಡ್ಡಿನ ಮೂಲ ತಿಳಿಯದಿದ್ದರೂ ಈಪ್ಪನ್ ಸಾರ್ ಪರೀಕ್ಷೆ ನೋಡಿ ಒಪ್ಪಬಹುದು ಎಂದು ಸಮಾಧಾನ ಹೇಳಿಕೊಂಡೆ. ಅವರು ಒಪ್ಪುವವರಲ್ಲ ಎಂದೂ ನನಗೆ ಗೊತ್ತಿತ್ತು.

ಎರಡೂವರೆಗೆ ಪೆಟ್ಟಿಗೆ ಕೋಠಿಯೊಳಗೆ ಹೋಯಿತು. ಮೂರಕ್ಕೆ ಸರಿಯಾಗಿ ಈಪ್ಪನ್ ಸಾರ್ ಇನ್ನಿಬ್ಬರ ಜೊತೆ ಬಂದರು. ಉದ್ದನೆಯ ಮನುಷ್ಯ, ಕನ್ನಡಕ ಯಾವಾಗಲೂ ಮೂಗಿನ ತುದಿಯಲ್ಲಿ. ಪಂಪ್ ಹಾಕುವ ಮೊದಲು ರಿಜಿಸ್ಟರ್ ಕೇಳಿದರು. ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮೂಲ ತಿಳಿಯದು? ಪಣಿಕ್ಕರೇ, ಇದು ನಿಮ್ಮ ಕೈಬರಹಾನಾ? ಬೇರೆಯವರು ಹೀಗೆ ಬರೆದಿದ್ರೆ ನೀವು ಅವರ ಮುಖಕ್ಕೆ ಎಸೀತಿದ್ರಿ."

ನನ್ನನ್ನು ಬಿಟ್ಟು ವಲ್ಸಲಳನ್ನು ನೋಡಿದರು.

"ವಲ್ಸಲ, ಕ್ಷಮಿಸಮ್ಮ. ಇವತ್ತು ಕಿಡಿ ಹಾರದೇ ಇರಬಹುದು. ಆದರೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಕೊಳೆ ಇಟ್ಕೊಂಡು ನಾನು ಇದನ್ನ ಮೇಲಕ್ಕೆ ಕಳಿಸೋಕಾಗಲ್ಲ. ಪರೀಕ್ಷೆ ಮಾಡೋದರಲ್ಲೇ ಅರ್ಥ ಇಲ್ಲ." ರಿಜಿಸ್ಟರ್ ಮುಚ್ಚಿದರು. ಮುಚ್ಚಿ, ಶಾನವಾಸನ ಕಡೆ ತಿರುಗಿದರು. "ತುಂಬಿಸಿದ್ದು ನೀನೇ ಅಲ್ವೇನಪ್ಪಾ?"

ಶಾನವಾಸನ ಮುಖ ಬಿಳುಚಿತು. ವಲ್ಸಲ ಕುರ್ಚಿ ಹಿಂದಕ್ಕೆ ಸರಿಸಿ ಏಳತೊಡಗಿದಳು. ಅವಳು ಬಾಯಿ ತೆರೆಯುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು.

"ಅವನಲ್ಲ ಸಾರ್. ಎಣ್ಣೆ ಬಂದಿದ್ದು ನನ್ನ ತಲೆಯಿಂದ."

ಜೊತೆಗೆ ಬಂದಿದ್ದ ಇಬ್ಬರು ನಕ್ಕರು. ನಾನು ನಗಲಿಲ್ಲವೆಂದು ನೋಡಿ ಅವರೂ ನಿಲ್ಲಿಸಿದರು. ಎಲ್ಲ ಹೇಳಿದೆ. ಗ್ಲೌಸ್ ತೆಗೆದದ್ದು, ತಲೆ ನೇವರಿಸಿಕೊಂಡದ್ದು, ಹೆಬ್ಬೆರಳ ಜಂಬ, ಬೆಳಗ್ಗೆ ಎಂಟೂವರೆಯಿಂದ ಗೊತ್ತಿದ್ದೂ ಬಾಯಿಮುಚ್ಚಿಕೊಂಡಿದ್ದದ್ದು. ಶಾಯಿಯಲ್ಲಿ ಬೆರಳು ಅದ್ದಿ ಕಾಗದದ ಮೇಲೆ ಒತ್ತಿ, ಸಿಲಿಕೋನ್ ತುಂಡಿನ ಪಕ್ಕದಲ್ಲಿಟ್ಟೆ. ಈಪ್ಪನ್ ಸಾರ್ ಭೂತಗನ್ನಡಿಯಲ್ಲಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಅಡ್ಡಗೀಟಿಗೆ ಅಡ್ಡಗೀಟು ಕೂತಿತ್ತು.

"ಎರಡು ತಿಂಗಳು, ಎರಡು ಪೆಟ್ಟಿಗೆ, ಪಣಿಕ್ಕರೇ," ಎಂದರು.

"ಹೌದು ಸಾರ್. ಈ ಹುಡುಗನಿಗೆ ದಿನಾ ಬೈಗುಳ ಬೇರೆ."

"ಎಚ್ಚರಿಕೆ ಪತ್ರ ಬರುತ್ತೆ ನಿಮಗೆ."

"ಬರಲಿ ಸಾರ್. ಬರಬೇಕು."

ಅವರು ರಿಜಿಸ್ಟರ್ ಮತ್ತೆ ತೆರೆದು ನನ್ನ ಮುಂದೆ ಇಟ್ಟರು. ಕೊನೆಯ ಎರಡು ಪದ ಹೊಡೆದುಹಾಕಿ ನನ್ನ ಹೆಸರು ಬರೆದೆ. "ಪಂಪ್ ಹಾಕಿ," ಎಂದರು ಈಪ್ಪನ್ ಸಾರ್.

ಕಿಡಿ ಕಾಣಲೆಂದು ಕಿಟಕಿಗೆಲ್ಲ ಕಪ್ಪು ಪರದೆ ಎಳೆದು ದೀಪ ಆರಿಸಿದರು. ಗಾಳಿ ತೆಳ್ಳಗಾಗುತ್ತಾ ಹೋಯಿತು. ವಲ್ಸಲ ಗಾಳಿಯ ಒತ್ತಡದ ಅಂಕಿ ಓದುತ್ತಿದ್ದಳು, ಮಗ್ಗಿ ಒಪ್ಪಿಸುವಂಥ ಸಪ್ಪೆ ದನಿಯಲ್ಲಿ. ಸಾವಿರದ ಎಂಟುನೂರು ವೋಲ್ಟು ಏರಿತು. ಹಿಂದಿನ ಎರಡು ಸಲವೂ ಕಿಡಿ ಹಾರಿದ್ದ ಅಂಕಿ ಬಂತು. ಶಾನವಾಸ್ ನನ್ನ ತೋಳು ಹಿಡಿದುಕೊಂಡಿದ್ದ, ಬೆಳಕಿದ್ದಿದ್ದರೆ ಹಿಡಿಯುತ್ತಿರಲಿಲ್ಲವೇನೋ. ಗಾಜಿನೊಳಗೆ ಕಪ್ಪು ಬಿಟ್ಟು ಏನೂ ಇರಲಿಲ್ಲ. ಅವಳು ಓದುತ್ತಾ ಹೋದಳು, ಆ ಅಂಕಿ ದಾಟಿತು, ಇನ್ನೂ ಅರ್ಧ ಗಂಟೆ ಕಾದೆವು. ಗಾಳಿಯನ್ನು ಮತ್ತೆ ಒಳಗೆ ಬಿಟ್ಟು ಇನ್ನೊಂದು ಸಲ ಎಳೆದೆವು. ಆಗಲೂ ಕಪ್ಪು.

"ದೀಪ ಹಾಕಿ," ಎಂದರು ಈಪ್ಪನ್ ಸಾರ್. "ವಲ್ಸಲ, ನಿನ್ನ ಕೆಲಸ ಮುಂದುವರಿಸು. ಹೊರದೇಶದ್ದು ಬೇಡ ಅಂತ ನಾನು ಬರೀತೀನಿ."

ಶಾನವಾಸ್ ಕುಣಿದುಬಿಟ್ಟ. ಕುಣಿಯುತ್ತಲೇ ನನ್ನ ಮುಂದೆ ಬಂದು ನಿಂತ. ನಾನು ಕೈ ಮುಗಿದೆ. "ಬಿಡಿ ಸಾರೇ, ನಾಳೆಯಿಂದ ಬೈಯೋಕೆ ಹೊಸ ಮಾತು ಹುಡುಕಿ," ಎಂದ.

ಐದೂವರೆಗೆ ವಲ್ಸಲ ಸ್ಕೂಟರಿನ ಹತ್ತಿರ ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದಳು. ನಾನು ಹೋಗಿ ನಿಂತೆ.

"ನಿನಗೆ ಬೆಳಗ್ಗೆಯೇ ಗೊತ್ತಿತ್ತಾ?"

"ಆ ಹೆಬ್ಬೆರಳು ಯಾರಿಗೆ ಗೊತ್ತಿಲ್ಲ ಸಾರೇ? ಹದಿನೈದು ವರ್ಷದಿಂದ ಎಲ್ಲರ ಮೂಗಿನ ಮುಂದೆ ಆಡಿಸ್ತಿದ್ದೀರಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಅದು ನಿಮ್ಮ ಮೇಲಿನ ದೂರು. ನೀವು ಹೇಳಿದ್ರೆ ತಪಾಸಣೆ. ಇಷ್ಟು ವರ್ಷ ಕೆಲಸ ಮಾಡಿದವರು ದೂರು ಹೊತ್ಕೊಂಡು ಮನೆಗೆ ಹೋಗಬಾರದು ಅನ್ನಿಸಿತು."

"ನಾನು ಹೇಳದೇ ಇದ್ದಿದ್ರೆ?"

"ನಾನೇ ಹೇಳ್ತಿದ್ದೆ! ಎದ್ದು ನಿಂತಿದ್ದು ಕಾಣಲಿಲ್ವಾ? ಆರು ವರ್ಷ ಸಾರೇ, ನನಗೇನು ಹುಚ್ಚಾ?" ಎಂದು ನಕ್ಕಳು. "ಆದ್ರೆ ನಿಮ್ಮ ಸರದಿ ಮೊದಲು. ಆಗೋಷ್ಟು ಹೊತ್ತು ಕಾದೆ."

ಅವಳು ಸ್ಕೂಟರ್ ಹತ್ತಿ ಹೋದಳು. ನಾನು ಅಲ್ಲೇ ನಿಂತೆ, ಬಸ್ಸು ಬಂದು ಹೋಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡುವುದಿಲ್ಲ, ಯಾರು ನೋಡಿದರೂ ನೋಡಲಿ. ಜನರ ತಪ್ಪು ಕಂಡ ಕೂಡಲೇ ಕೂಗುವುದನ್ನೇ ಇಪ್ಪತ್ತೆರಡು ವರ್ಷ ನಾನು ಕೆಲಸ ಅಂದುಕೊಂಡಿದ್ದೆ. ತಪ್ಪು ಕಂಡವರು, ತಮ್ಮ ಆರು ವರ್ಷವೇ ತೂಗುತ್ತಿರುವಾಗಲೂ, ತಪ್ಪು ಮಾಡಿದವನಿಗೋಸ್ಕರ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರರವರೆಗೆ ಸುಮ್ಮನೆ ಕಾಯಬಹುದು ಎನ್ನುವುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.